ಕಾಫಿ ಸ್ಟೋರಿನೊಳಗೆ ಕೆಂಡ

ಕಳೆದ ತಿಂಗಳು ಕುಶಾಲನಗರದ ಒಂದು ಶಾಲೆಯವರು ನನ್ನನ್ನು ಕರೆದಿದ್ದರು. ಮಕ್ಕಳು ಶಕ್ತಿಯ ಬಗ್ಗೆ ತಾವೇ ಮಾದರಿಗಳನ್ನು ಮಾಡಿ ಇಟ್ಟಿದ್ದಾರೆ, ಹಳೆಯ ವಿಜ್ಞಾನ ಮೇಷ್ಟ್ರು ಬಂದು ನೋಡಿ ನಾಲ್ಕು ಮಾತು ಹೇಳಬೇಕು ಎಂದು. ಹೋದೆ. ರಟ್ಟಿನ ಗಾಳಿಗಿರಣಿ ಇತ್ತು. ಕನ್ನಡಿ ಚೂರು ಅಂಟಿಸಿದ ಸೂರ್ಯನ ಒಲೆ ಇತ್ತು. ಹಾರಂಗಿ ಅಣೆಕಟ್ಟನ್ನು ಜೇಡಿಮಣ್ಣಿನಲ್ಲಿ ಕಟ್ಟಿ, ಕೆಳಗೆ ಸೈಕಲ್ ಡೈನಮೋ ಕೂರಿಸಿ ಸಣ್ಣ ಬಲ್ಬು ಉರಿಸಿದ್ದರು. ಎಲ್ಲವೂ ಚೆನ್ನಾಗಿತ್ತು. ಕೊನೆಯ ಮೇಜಿನ ಹತ್ತಿರ ಒಬ್ಬ ಹುಡುಗಿ ಕಬ್ಬಿಣದ ಪುಟ್ಟ ಬಾಣಲೆಯಲ್ಲಿ ಇದ್ದಿಲು ಹೊತ್ತಿಸಿ, ಅದರ ಮೇಲೆ ದಾರದಲ್ಲಿ ಕಟ್ಟಿದ ಕಾಗದದ ಸುರುಳಿಯನ್ನು ಹಿಡಿದಿದ್ದಳು. ಬಿಸಿ ಗಾಳಿಗೆ ಸುರುಳಿ ತಿರುಗುತ್ತಿತ್ತು.

ಇದ್ದಿಲು ಪೂರ್ತಿ ಕೆಂಡವಾದ ಮೇಲೆ ಹೊಗೆ ಇರುವುದಿಲ್ಲ. ಒಣಗಿದ, ಸ್ವಲ್ಪ ಸಿಹಿಯಾದ ಒಂದು ವಾಸನೆ ಮಾತ್ರ ಇರುತ್ತದೆ. ಅದು ಮೂಗಿಗೆ ಬಡಿದದ್ದೇ ನಾನು "ಕಿಟಕಿ ತೆಗೀರಿ, ಕಿಟಕಿ ತೆಗೀರಿ" ಎಂದು ಕೂಗಿದೆನಂತೆ. ಕಿಟಕಿಗಳೆಲ್ಲ ತೆರೆದೇ ಇದ್ದವು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಆ ಶಾಲೆಯ ಎಳೆಯ ಟೀಚರು ನನ್ನನ್ನು ಹೊರಗೆ ಕರೆತಂದು ಮೆಟ್ಟಿಲ ಮೇಲೆ ಕೂರಿಸಿ ನೀರು ಕೊಟ್ಟಳು. "ಶುಗರ್ ಏನಾದ್ರೂ ಇದೆಯಾ ಸಾರ್?" ಎಂದು ಕೇಳಿದಳು. ಇದೆ ಎಂದೆ. ಅದು ಸುಳ್ಳು. ಇಂಥ ಜಾಗದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದಾಗಿರಲಿಲ್ಲ.

ನಾನು ಮೊದಲು ಮೇಷ್ಟ್ರಾದಾಗ ಕೊಡಗು ಇನ್ನೂ ತನ್ನದೇ ರಾಜ್ಯವಾಗಿತ್ತು. ಸರ್ಕಾರ, ಮಂತ್ರಿಗಳು ಎಲ್ಲ ಮಡಿಕೇರಿಯಲ್ಲೇ. ಮೈಸೂರಿಗೆ ಸೇರುವುದೋ ಬಿಡುವುದೋ ಎಂದು ಬಸ್ಸಿನಲ್ಲಿ ಜನ ಜಗಳವಾಡುತ್ತಿದ್ದರು. ಕುಶಾಲನಗರವನ್ನು ಇನ್ನೂ ಫ್ರೇಸರ್‌ಪೇಟೆ ಎನ್ನುತ್ತಿದ್ದರು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಶಿರಂಗಾಲದ ಮನೆಯಲ್ಲಿ ಕೂತಿದ್ದೆ. ನಮ್ಮ ತಾತ ಹಾಸನದ ಕಡೆಯಿಂದ ಬಂದು ಹೊಳೆ ದಂಡೆಯಲ್ಲಿ ಹೊಲ ಮಾಡಿದವರು. ನಮ್ಮ ವಂಶದಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಮಾದಾಪುರದಿಂದ ಮೂರು ಮೈಲಿ ಒಳಗಿನ ಒಂದು ಮಿಡ್ಲ್ ಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಆರ್ಡರು ಬಂದಾಗ ನನ್ನ ತಾಯಿ ಹೊಸ ಕಂಬಳಿ ಕೊಟ್ಟು ಕಳಿಸಿದಳು. ಒಂದೇ ಜಿಲ್ಲೆಯಷ್ಟು ಅಗಲದ ಆ ರಾಜ್ಯದಲ್ಲಿ ಶಿರಂಗಾಲದ ಮಳೆ ಬೇರೆ, ಮಾದಾಪುರದ ಮಳೆ ಬೇರೆ. ನಮ್ಮಲ್ಲಿ ರಾಗಿಗೆ ಸಾಲದಷ್ಟು ಸುರಿಯುವ ತಿಂಗಳಲ್ಲಿ ಅಲ್ಲಿ ಹಾಸಿಗೆಗೆ ಬೂಷ್ಟು ಹಿಡಿಯುತ್ತಿತ್ತು.

ಆರಿದ್ರಾ ಮಳೆಗೆ ಶಾಲೆಯ ಉತ್ತರದ ಗೋಡೆ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ, ಆ ದಿನ ಭಾನುವಾರ. ಹೆಡ್‌ಮಾಸ್ಟರು ಮಲ್ಲಪ್ಪನವರು ಸೋಮವಾರಪೇಟೆ ಕಡೆಯವರು, ವಿಭೂತಿ ಹಚ್ಚದೆ ಹೊರಗೆ ಕಾಲಿಡದವರು, ಒಳ್ಳೆಯ ಮನುಷ್ಯರೇ. ಉಳಿದ ಒಂದು ಕೋಣೆಯಲ್ಲಿ ಅವರು ಚಿಕ್ಕ ತರಗತಿಗಳನ್ನು ಇಟ್ಟುಕೊಂಡರು. ದೊಡ್ಡ ಮಕ್ಕಳಿಗೆ ಪಕ್ಕದ ಎಸ್ಟೇಟಿನ ಕಾಫಿ ಸ್ಟೋರನ್ನು ಬಾಯಿಮಾತಿನಲ್ಲಿ ಕೇಳಿ ತೆಗೆದುಕೊಂಡರು. ಇಲಾಖೆಗೆ ಬರೆದರೆ ಮಳೆಗಾಲ ಮುಗಿದ ಮೇಲೆ ಉತ್ತರ ಬರುತ್ತದೆ ಎನ್ನುವುದು ಅವರ ಅನುಭವ.

ಎಸ್ಟೇಟಿನ ರೈಟರು, ಅಂದರೆ ಲೆಕ್ಕಪತ್ರ ನೋಡುವ ಗುಮಾಸ್ತ, ಬೀಗ ತೆಗೆದು ತೋರಿಸುತ್ತ ಹೆಮ್ಮೆಪಟ್ಟ. "ಹಿಂದಿನ ವರ್ಷ ಒಣಗಿಸಿದ ಕಾಫಿ ಚೆರ್ರಿ ಪೂರಾ ಮಳೆಗಾಲ ಇದ್ರೊಳಗೇ ಇತ್ತು ಮೇಷ್ಟ್ರೇ. ಒಂದು ಬೀಜ ಬಣ್ಣ ಕೆಟ್ಟಿಲ್ಲ. ಫುಲ್ ಟೈಟ್. ಗಾಳಿ ಬೇಕಂದ್ರೂ ಬರಾಕಿಲ್ಲ." ಕಾಫಿ ಬೀಜ ತೇವವನ್ನು ಎಳೆದುಕೊಳ್ಳುತ್ತದೆ, ಅಕ್ಕಪಕ್ಕದ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ಆ ಕೋಣೆಗೆ ಹಲಗೆಯ ನೆಲ, ಹಲಗೆಯ ಮುಚ್ಚಿಗೆ. ಬಿರುಕಿಗೆಲ್ಲ ಡಾಂಬರು ಮೆತ್ತಿ, ಬಾಗಿಲ ಅಂಚಿಗೆ ಗೋಣಿಪಟ್ಟಿ ಹೊಡೆದಿದ್ದರು. ಎದುರಿಗೆ ಕಾಫಿ ಒಣಗಿಸುವ ಅಗಲವಾದ ಕಣ, ಸಿಮೆಂಟಿನದು. ಮಳೆ ಅದರ ಮೇಲೆ ಬಿದ್ದು ಹೊಗೆಯ ಹಾಗೆ ಏಳುತ್ತಿತ್ತು.

ಮಕ್ಕಳು ಬೆಳಿಗ್ಗೆ ಬರುವಾಗ ಹಿಂಡಿದರೆ ನೀರು ಸುರಿಯುವ ಹಾಗೆ ಇರುತ್ತಿದ್ದರು. ಅವರಿಗೆ ಬಟ್ಟೆ ಒಣಗಿಸಿ ಕೊಡಲು ಮಲ್ಲಪ್ಪನವರು ಎಸ್ಟೇಟ್ ಲೈನಿನ, ಅಂದರೆ ಕೂಲಿಯವರ ಸಾಲುಮನೆಯ, ಪಾತುಮ್ಮ ಎಂಬ ಹೆಂಗಸನ್ನು ಗೊತ್ತುಮಾಡಿದ್ದರು. ನಡುವಯಸ್ಸಿನವಳು. ಗಂಡ ಮರ ಹತ್ತಿ ಕೊಂಬೆ ಕಪಾತು ಮಾಡುವಾಗ ಬಿದ್ದು ಸತ್ತಿದ್ದ. ಅವಳೇ ಇದ್ದಿಲು ಸುಟ್ಟು ತರುತ್ತಿದ್ದಳು. ಕಬ್ಬಿಣದ ಬಾಣಲೆಯಲ್ಲಿ ಕೆಂಡ ಮಾಡಿ, ಅದರ ಮೇಲೆ ಬೆತ್ತದ ದೊಡ್ಡ ಬುಟ್ಟಿಯನ್ನು ಬೋರಲು ಹಾಕಿ, ಬುಟ್ಟಿಯ ಮೇಲೆ ಅಂಗಿ ಲಂಗಗಳನ್ನು ಹರವುತ್ತಿದ್ದಳು. ಆ ಬಾಣಲೆಯನ್ನು ಯಾವತ್ತೂ ಬಾಗಿಲ ಹೊಸ್ತಿಲ ಬಳಿಯೇ ಇಡುತ್ತಿದ್ದಳು, ಬಾಗಿಲನ್ನೂ ಹಾರುಹೊಡೆದಿರುತ್ತಿದ್ದಳು. ಅರ್ಧ ಬಿಸಿ ಹೊರಗೆ ಹೋಗುತ್ತಿತ್ತು.

ಇದನ್ನು ನಾನು ಪಾಠ ಮಾಡಿದೆ. ಇಂಧನದಲ್ಲಿ ಶಕ್ತಿ ಇದೆ, ಅದನ್ನು ಬಳಸಲು ತಿಳಿಯದವರು ಹೇಗೆ ಪೋಲು ಮಾಡುತ್ತಾರೆ ನೋಡಿ ಎಂದು ಪಾತುಮ್ಮನ ಬಾಣಲೆಯತ್ತ ಬೆರಳು ತೋರಿಸಿದೆ. ಮಕ್ಕಳು ನಕ್ಕರು.

ಅವಳೂ ನಕ್ಕಳು. "ಗಾಳಿಗೂ ಚಳಿ ಉಂಟಲ್ಲ ಮಾಷೇ, ಅದೂ ಸ್ವಲ್ಪ ಕಾಯಿಸ್ಕೊಳ್ಳಲಿ."

ನನಗೆ ಇಪ್ಪತ್ತೆರಡು ವರ್ಷ. ಕಾಲೇಜಿನಲ್ಲಿ ಹಿತ್ತಾಳೆಯ ಹೊಳೆಯುವ ಉಪಕರಣಗಳ ನಡುವೆ ಕಲಿತು ಬಂದವನಿಗೆ ಇಲ್ಲಿ ಇದ್ದದ್ದು ಒಂದು ಥರ್ಮಾಮೀಟರು, ಅದೂ ನನ್ನದೇ. ಆದರೆ ಆ ಒಂದು ತಿಂಗಳು ನಾನು ಮಾಡಿದ ಪಾಠವನ್ನು ಆಮೇಲಿನ ಮೂವತ್ತು ವರ್ಷಗಳಲ್ಲಿ ಮಾಡಲಿಲ್ಲ. ಸೂರಿನ ನೀರಿಗೆ ಬಿದಿರಿನ ಚಕ್ರ ಕಟ್ಟಿಸಿದೆ. ಅದರ ಅಚ್ಚಿಗೆ ದಾರ ಸುತ್ತಿ, ಕಲ್ಲು ತುಂಬಿದ ಬೆಂಕಿಪೆಟ್ಟಿಗೆ ಮೇಲೆ ಏರುವುದನ್ನು ಮಕ್ಕಳು ಕೈಯಾರೆ ಅಳೆದರು. ಸಿಗರೇಟ್ ಡಬ್ಬಿಗೆ ಬಾಳೆನಾರು ಸುತ್ತಿ, ಬಿಸಿನೀರು ಎಷ್ಟು ಹೊತ್ತು ಬಿಸಿ ಇರುತ್ತದೆ ಎಂದು ನೋಡಿದೆವು. ಕವಣೆಯ ರಬ್ಬರನ್ನು ಎಷ್ಟು ಎಳೆದರೆ ಹುಣಸೆಬೀಜ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ನಕ್ಷೆ ಬರೆದೆವು. ಮಲ್ಲಪ್ಪನವರು ಬಂದು ನೋಡಿ, "ಇದೇನ್ರೀ ಮೇಷ್ಟ್ರೇ, ಇಸ್ಕೂಲೋ ಬಡಗಿ ಕೊಟ್ಟಿಗೆಯೋ" ಎಂದು ನಗುತ್ತಲೇ ಶಾಲೆಗಳ ಇನ್‌ಸ್ಪೆಕ್ಟರಿಗೆ ಕಾಗದ ಬರೆದರು, ನಮ್ಮಲ್ಲಿ ಇಂಥ ಕೆಲಸ ನಡೆಯುತ್ತಿದೆ, ಬಂದು ನೋಡಬೇಕು ಎಂದು.

ಅಳೆಯುವ ಕೆಲಸಕ್ಕೆಲ್ಲ ಮುಂದೆ ನಿಲ್ಲುತ್ತಿದ್ದವಳು ಜಾನಕಿ. ಏಳನೆಯ ತರಗತಿ. ಅರೆಭಾಷೆ ಗೌಡರ ಮನೆಯ ಹುಡುಗಿ. ತಂದೆ ಇರಲಿಲ್ಲ, ತಾಯಿ ಒಂದು ತುಂಡು ಗದ್ದೆಯಲ್ಲಿ ಸಂಸಾರ ನಡೆಸುತ್ತಿದ್ದಳು. ಆ ಸುತ್ತಿನಲ್ಲಿ ಹೆಣ್ಣುಮಕ್ಕಳು ಏಳರಿಂದ ಮುಂದೆ ಓದಿದ್ದು ಇರಲಿಲ್ಲ. ಪರೀಕ್ಷೆಯಲ್ಲಿ ಮೇಲೆ ಬಂದರೆ ಮಡಿಕೇರಿಯ ಹೈಸ್ಕೂಲಿಗೆ ಕಳಿಸುವುದಾಗಿ ತಾಯಿ ನನ್ನೆದುರೇ ಒಪ್ಪಿದ್ದಳು. ಆ ಹುಡುಗಿಗೆ ಒಂದು ಗುಣವಿತ್ತು. ನಾನು ಬಯಸಿದ ಅಂಕಿಯನ್ನು ಹೇಳುತ್ತಿರಲಿಲ್ಲ, ಕಂಡ ಅಂಕಿಯನ್ನು ಹೇಳುತ್ತಿದ್ದಳು. ಒಮ್ಮೆ ಬಿದಿರಿನ ಚಕ್ರದ ಲೆಕ್ಕ ನನ್ನ ಲೆಕ್ಕಕ್ಕೆ ಹೊಂದಲಿಲ್ಲ. ಇನ್ನೊಮ್ಮೆ ಅಳೆ ಎಂದೆ. ಅಳೆದಳು. "ಅಷ್ಟೇ ಉಟ್ಟು ಸಾರ್" ಎಂದಳು; ಅವರ ಮಾತಿನಲ್ಲಿ ಉಟ್ಟು ಎಂದರೆ ಇದೆ. "ನಿಮ್ಮದೇ ಎಲ್ಲೋ ತಪ್ಪಿದೆ." ತಪ್ಪಿದ್ದು ನನ್ನದೇ.

ಪುಷ್ಯ ಮಳೆಯ ಹೊತ್ತಿಗೆ ಸೌದೆಗೂ ಇದ್ದಿಲಿಗೂ ಇರುವ ವ್ಯತ್ಯಾಸವನ್ನು ಅಳೆಯಬೇಕೆಂದು ಹೊರಟೆ. ಸೌದೆಯ ಭಾಗವನ್ನು ಹಿಂದಿನ ದಿನ ಹೊರಗಿನ ಜಗಲಿಯಲ್ಲಿ ಮುಗಿಸಿದ್ದೆವು. ಗಾಳಿ ಉರಿಯನ್ನು ಅತ್ತಿತ್ತ ಒಯ್ದು ರೀಡಿಂಗುಗಳೆಲ್ಲ ಹಾಳಾಗಿದ್ದವು. ಇನ್‌ಸ್ಪೆಕ್ಟರು ಮುಂದಿನ ವಾರ ಬರುವವರಿದ್ದರು, ಅವರ ಮುಂದೆ ಇಡಲು ನನಗೆ ಚಂದದ ಕೋಷ್ಟಕ ಬೇಕಾಗಿತ್ತು. ಇದ್ದಿಲನ್ನಾದರೂ ಒಳಗೆ ಉರಿಸೋಣ ಎಂದುಕೊಂಡೆ. ಆ ದಿನ ಪಾತುಮ್ಮ ಕೆಂಡ ಮಾಡಿ ಹೊಸ್ತಿಲಲ್ಲಿ ಇಟ್ಟು ಇನ್ನಷ್ಟು ಇದ್ದಿಲು ತರಲು ಲೈನಿಗೆ ಹೋದಳು. ಅವಳು ಹೋದ ಮೇಲೆ ಬಾಣಲೆಯನ್ನು ಕೋಣೆಯ ನಡುವೆ ಇಡಿಸಿದೆ. ಎರಡನೆಯ ಬಾಣಲೆಯನ್ನೂ ಹೊತ್ತಿಸಿದೆ. ಬಾಗಿಲು ಹಾಕಿಸಿ ಅಗಣಿ ಜಡಿಸಿದೆ. ಹೊಸ್ತಿಲ ಸಂದಿಗೆ ಗೋಣಿಚೀಲ ತುರುಕಿಸಿದೆ. ಕಿಟಕಿಗಳು ಮೊದಲೇ ಭದ್ರವಾಗಿದ್ದವು. ಇಪ್ಪತ್ತಮೂರು ಮಕ್ಕಳು ಸುತ್ತ ಕೂತರು. ಬೆಚ್ಚಗಿತ್ತು. ಆ ಮಳೆಗಾಲದಲ್ಲಿ ಮೊದಲ ಸಲ ಯಾರ ಹಲ್ಲೂ ಕಟಕಟ ಎನ್ನುತ್ತಿರಲಿಲ್ಲ.

ಆಮೇಲಿನದನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ. ಎಲ್ಲಿ ನಿಲ್ಲಿಸಬಹುದಿತ್ತು ಎಂದು. ನಿಲ್ಲಿಸಬಹುದಾಗಿದ್ದ ಜಾಗಗಳು ಒಂದಲ್ಲ.

ಜಾನಕಿ ಬಾಣಲೆಗೆ ಬಾಗಿ ಡಬ್ಬಿಯ ನೀರಿನಲ್ಲಿ ಥರ್ಮಾಮೀಟರು ಹಿಡಿದಿದ್ದಳು. ಐದೈದು ನಿಮಿಷಕ್ಕೆ ಅಂಕಿ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಮೊದಲು ಹಿಂದಿನ ಸಾಲಿನ ಇಬ್ಬರು ಆಕಳಿಸಿದರು. ಗದರಿದೆ. ಒಬ್ಬಳು ತಲೆನೋವು ಎಂದಳು. ಮಳೆಯಲ್ಲಿ ನೆನೆದರೆ ನೋಯದೇ ಇರುತ್ತದೆಯೇ ಎಂದೆ. ನನಗೂ ನೋಯುತ್ತಿತ್ತು, ಹಿಂದಿನ ದಿನ ನಾನೂ ನೆನೆದಿದ್ದೆ. ಮಕ್ಕಳ ಕೆನ್ನೆ ಕೆಂಪೇರಿತ್ತು. ಬೆಚ್ಚಗಾಗಿ ಮುಖಕ್ಕೆ ಕಳೆ ಬಂತು ಎಂದುಕೊಂಡೆ, ಅದನ್ನು ನೋಡಿ ಸಂತೋಷಪಟ್ಟೆ. ಒಬ್ಬ ಹುಡುಗ ಕೂತಲ್ಲೇ ವಾಂತಿ ಮಾಡಿದ. ಪಕ್ಕದವನು "ಬೆಳಿಗ್ಗೆ ಹಲಸಿನಕಾಯಿ ಸಾರು ಹೆಚ್ಚಾತ್" ಎಂದ. ಯಾರೋ ನಕ್ಕರು, ಆದರೆ ಆ ನಗು ಅರ್ಧಕ್ಕೆ ನಿಂತಿತು.

"ಅರವತ್ತೆಂಟು" ಎಂದಳು ಜಾನಕಿ. ಬರೆದೆ.

ಐದು ನಿಮಿಷ ಬಿಟ್ಟು "ಅರವತ್ತೊಂದು" ಎಂದಳು.

"ಕೆಂಡದ ಮೇಲಿರೋ ನೀರು ತಣ್ಣಗಾಗ್ತದೇನೇ? ಕಣ್ಣು ಬಿಟ್ಟು ನೋಡು."

ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. "ಅಕ್ಷರ ಓಡ್ತಾ ಉಟ್ಟು ಸಾರ್" ಎಂದಳು. ಅಂಕಿಯನ್ನು ಅಕ್ಷರ ಎಂದಿದ್ದಳು. ಯಾವತ್ತೂ ತಪ್ಪು ಹೇಳದವಳು ತಪ್ಪು ಹೇಳಿದಳು ಎಂಬುದಷ್ಟೇ ನನಗೆ ಹೊಳೆದದ್ದು. ನಾನೇ ಎಪ್ಪತ್ತೊಂದು ಎಂದು ಬರೆದುಕೊಂಡೆ.

ಆಗ ಬಾಗಿಲು ಬಡಿದ ಸದ್ದಾಯಿತು. "ಮಾಷೇ, ಬಾಗಿಲು ಯಾಕೆ ಹಾಕಿದ್ದು?" ಪಾತುಮ್ಮನ ದನಿ. ಒಬ್ಬ ಹುಡುಗ ಏಳಲು ನೋಡಿದ. "ತೆಗೀಬೇಡ, ಇನ್ನೊಂದು ರೀಡಿಂಗ್ ಉಂಟು, ಗಾಳಿ ಬಂದ್ರೆ ಎಲ್ಲ ಕೆಡ್ತದೆ" ಎಂದೆ. ಈ ಮಾತನ್ನು ನಾನು ಆಡಿದ್ದು ನಿಜ. ಅವಳು ಮತ್ತೆ ಬಡಿದಳು. ನಾನು ಅವಳಿಗೆ ಕಾಯಲು ಹೇಳಿದೆ. ಹೇಳಿದೆ ಎಂದುಕೊಂಡಿದ್ದೇನೆ, ನಾಲಿಗೆ ಹೊರಳಿತೋ ಇಲ್ಲವೋ. ಎದ್ದು ನಿಲ್ಲಬೇಕು ಎಂದುಕೊಂಡಾಗ ಮೊಣಕಾಲು ನನ್ನದಾಗಿರಲಿಲ್ಲ. ಜಾನಕಿ ಬಾಣಲೆಯ ಪಕ್ಕಕ್ಕೆ ಒರಗಿ ಮಲಗಿದ್ದಳು, ಥರ್ಮಾಮೀಟರು ಕೈಯಲ್ಲೇ ಇತ್ತು. ನೀರಿನ ಡಬ್ಬಿ ಉರುಳಿ ಕೆಂಡ ಚುಂಯ್ ಎಂದಿತು. ಅದನ್ನು ಕಂಡು ನನಗೆ ಮೊದಲು ಬಂದ ಯೋಚನೆ, ಪ್ರಯೋಗ ಹಾಳಾಯಿತಲ್ಲ ಎಂದು.

ಪಾತುಮ್ಮ ಹಾರೆ ಹಾಕಿ ಬಾಗಿಲು ಮೀಟಿದಳು. ಬೆಳಕು, ಮಳೆಯ ಸದ್ದು, "ಪಡಚ್ಚೋನೇ!" ಎಂದು ಅವಳು ದೇವರನ್ನು ಕರೆದ ಕೂಗು ಒಟ್ಟಿಗೇ ಒಳಗೆ ಬಂದವು. ಅವಳು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಎರಡೆರಡು ಮಕ್ಕಳನ್ನು ಕಂಕುಳಲ್ಲಿ ಎಳೆದು ಕಣಕ್ಕೆ ಹಾಕಿದಳು. ಮಳೆಯಲ್ಲಿ, ಮುಖ ಮೇಲೆ ಮಾಡಿ. ಕೂಗಿ ಕೂಗಿ ಲೈನಿನವರನ್ನು ಕರೆದಳು. ನನ್ನನ್ನು ಕೊರಳಪಟ್ಟಿ ಹಿಡಿದು ಎಳೆದದ್ದು ನೆನಪಿದೆ. ಸಿಮೆಂಟಿನ ಮೇಲೆ ಬೆನ್ನು ತರಚಿತು. ಮಳೆ ಬಾಯೊಳಗೆ ಬೀಳುತ್ತಿತ್ತು. ತಲೆ ತಿರುಗಿಸಿದರೆ ಮಕ್ಕಳು ಒಣಗಲು ಹರವಿದ ಕಾಫಿಯ ಹಾಗೆ ಸಾಲಾಗಿ ಬಿದ್ದಿದ್ದರು, ಒಬ್ಬೊಬ್ಬರೇ ಕೆಮ್ಮುತ್ತಿದ್ದರು. ನಾನು ಎಣಿಸಿದೆ. ಇಪ್ಪತ್ತೆರಡು ಸಿಕ್ಕಿತು. ಮತ್ತೆ ಎಣಿಸಿದೆ, ಮತ್ತೆ ಇಪ್ಪತ್ತೆರಡು. ಇಪ್ಪತ್ತಮೂರನೆಯದು ಪಾತುಮ್ಮನ ತೊಡೆಯ ಮೇಲಿತ್ತು, ಕೆಮ್ಮುತ್ತಿರಲಿಲ್ಲ.

ಎಸ್ಟೇಟಿನ ಲಾರಿಯಲ್ಲಿ ಮಡಿಕೇರಿಗೆ ಒಯ್ದರು. ಸಂಜೆಯ ಹೊತ್ತಿಗೆ ಉಳಿದವರೆಲ್ಲ ಎದ್ದು ಕೂತು ಬನ್ನು ತಿಂದರು. ಜಾನಕಿಗೆ ಮೂರನೆಯ ದಿನ ಎಚ್ಚರವಾಯಿತು. ತಾಯಿಯ ಗುರುತು ಹಿಡಿದಳು. ದೇವರು ದೊಡ್ಡವನು, ಮಗು ಉಳಿಯಿತು ಎಂದರು ಎಲ್ಲರೂ. ನಾನೂ ಅಂದೆ.

ಇನ್‌ಸ್ಪೆಕ್ಟರು ಬಂದದ್ದು ಬಂದರು, ಆದರೆ ಈಗ ವಿಚಾರಣೆಗೆ. ಹಿಂದಿನ ದಿನ ಮಲ್ಲಪ್ಪನವರು ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತರು. ಮುಖ ಇಳಿದಿತ್ತು. "ನೋಡಿ ಮೇಷ್ಟ್ರೇ, ಸ್ಟೋರಿಗೆ ನಾನು ಇಲಾಖೆ ಅಪ್ಪಣೆ ತಗೊಂಡಿಲ್ಲ. ಎಸ್ಟೇಟ್‌ನೋರು ತಮ್ಮ ಹೆಸ್ರು ಬರಬಾರ್ದು ಅಂತಾವ್ರೆ. ನಾನೇನೋ ಮುದುಕ, ಇವತ್ತೋ ನಾಳೆಯೋ ರಿಟೈರ್ ಆಯ್ತೀನಿ. ನೀವು ಬೆಳೆಯೋರು. ಈಗ ಡಿಸ್‌ಮಿಸ್ ಆದ್ರೆ ಜೀವಮಾನ ಪೂರಾ ಶಿರಂಗಾಲದಲ್ಲಿ ರಾಗಿ ಹೊಲದ ಗಿಣಿ ಓಡ್ಸ್ಕಂಡು ಕೂತಿರ್ಬೇಕಾಯ್ತದೆ." ಜೇಬಿನಿಂದ ಒಂದು ಹಾಳೆ ತೆಗೆದರು. ಬಟ್ಟೆ ಒಣಗಿಸಲು ಗೊತ್ತುಮಾಡಿದ್ದ ಹೆಂಗಸು ಕೆಟ್ಟ ಇದ್ದಿಲು ತಂದು ಹಾಕಿದ್ದರಿಂದ ಹೀಗಾಯಿತು, ಮೇಷ್ಟ್ರು ಸಮಯಕ್ಕೆ ಬಾಗಿಲು ತೆಗೆಸಿ ಮಕ್ಕಳನ್ನು ಉಳಿಸಿದರು, ಎಂದು ಬರೆದಿತ್ತು.

"ಬಾಗಿಲು ಹಾಕಿದ್ದು?" ಎಂದೆ.

"ಮಳೆ ಹೊಡೀತಿತ್ತು, ಹಾಕಿದ್ರಿ. ಯಾರು ಹಾಕಾಕಿಲ್ಲ ಹೇಳಿ."

ನಾನು ಹಾಳೆಯನ್ನು ಎರಡು ಸಲ ಓದಿದೆ. ಹರಿದು ಹಾಕಬೇಕಿತ್ತು. ನಾನು ಮಾಡಿದ್ದು ಬೇರೆ. 'ಕೆಟ್ಟ ಇದ್ದಿಲು' ಎಂದರೆ ಇನ್‌ಸ್ಪೆಕ್ಟರು ನಂಬುವುದಿಲ್ಲ ಎಂದೆ. ಪೆನ್ನು ತೆಗೆದು ಅದನ್ನು ಹೊಡೆದುಹಾಕಿ, 'ಸರಿಯಾಗಿ ಸುಡದ ಹಸಿ ಇದ್ದಿಲಿನ ಅಪೂರ್ಣ ದಹನದಿಂದ ಉಂಟಾದ ವಿಷಾನಿಲ' ಎಂದು ತಿದ್ದಿದೆ. ಒಳ್ಳೆಯ ಇದ್ದಿಲೂ ಗಾಳಿಯಿಲ್ಲದ ಕೋಣೆಯಲ್ಲಿ ಅದೇ ವಿಷವನ್ನು ಕೊಡುತ್ತದೆ. ಅದರ ಸಮೀಕರಣವನ್ನು ನಾನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದೆ. ಅದೇ ವಾರ ಮಕ್ಕಳಿಗೂ ಬರೆಸಿದ್ದೆ. ಆ ಊರಿನಲ್ಲಿ ಆ ವಾಕ್ಯವನ್ನು ಬರೆಯಬಲ್ಲವನು ನಾನೊಬ್ಬನೇ ಇದ್ದೆ. ಇನ್‌ಸ್ಪೆಕ್ಟರು ಓದಿ ತಲೆಯಾಡಿಸಿದರು. ಮಕ್ಕಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಹೇಳಬಲ್ಲವಳು ಇನ್ನೂ ಆಸ್ಪತ್ರೆಯಲ್ಲಿದ್ದಳು.

ಪಾತುಮ್ಮನನ್ನು ಎಸ್ಟೇಟಿನವರು ಲೈನಿನಿಂದ ಬಿಡಿಸಿದರು. ಹೊರಡುವ ದಿನ ಅವಳು ತಲೆಯ ಮೇಲೆ ಗಂಟು ಇಟ್ಟುಕೊಂಡು ಶಾಲೆಯ ಮುಂದೆ ನಿಂತಳು. ಜಗಳಕ್ಕೆ ಬಂದಳು ಎಂದುಕೊಂಡೆ. ದನಿ ಏರಿಸಲಿಲ್ಲ.

"ನಾನು ಓದಿಲ್ಲ ಮಾಷೇ. ಕೆಂಡ ಇಟ್ಟ ಕೋಣೆಗೆ ಬಾಗಿಲು ಹಾಕಬಾರ್ದು ಅಂತ ನಮ್ಮ ಲೈನಿನ ಸಣ್ಣ ಮಕ್ಕಳಿಗೂ ಗೊತ್ತುಂಟು. ಏಲಕ್ಕಿ ಒಣಗಿಸುವ ಗೂಡಲ್ಲಿ ಸತ್ತವರನ್ನು ನಾವು ನೋಡಿದ್ದು. ನಿಮ್ಮ ಕಾಲೇಜಲ್ಲಿ ಇದು ಹೇಳಿ ಕೊಡ್ಲಿಲ್ವಾ?"

ನಾನು ಕುಸಿದ ಗೋಡೆಯ ಕಡೆ ನೋಡಿದೆ.

"ಕೊಡದಿದ್ರೆ ಬೇಜಾರಿಲ್ಲ" ಎಂದಳು. "ಗೊತ್ತಿಲ್ಲದವರ ತಪ್ಪು ತಪ್ಪಲ್ಲ. ಗೊತ್ತಿತ್ತಾ ಅಂತ ಕೇಳಿದ್ದು."

ತಲೆಯ ಮೇಲಿನ ಗಂಟನ್ನು ಸರಿಮಾಡಿಕೊಂಡಳು. ಆಮೇಲೆ ಮಾದಾಪುರದ ಕಡೆಗೆ ನಡೆದಳು. ಅವಳು ಎಲ್ಲಿಗೆ ಹೋದಳೆಂದು ನಾನು ಆಗಲೂ ಕೇಳಲಿಲ್ಲ, ಆಮೇಲೂ ವಿಚಾರಿಸಲಿಲ್ಲ. ನನಗೆ ಕೆಲಸ ಉಳಿಯಿತು. ಮಕ್ಕಳನ್ನು ಉಳಿಸಿದ ಮೇಷ್ಟ್ರು ಎಂಬ ಹೆಸರೂ ಬಂತು. ಬಿದಿರಿನ ಚಕ್ರವನ್ನು ಬಿಚ್ಚಿ ಸೌದೆಗೆ ಹಾಕಿಸಿದೆ. ವರ್ಷ ಮುಗಿಯುವವರೆಗೂ ಪುಸ್ತಕ ನೋಡಿ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದೆ.

ಮಳೆ ಬಿಟ್ಟು ಗದ್ದೆಯಲ್ಲಿ ಭತ್ತ ತೆನೆ ಕಟ್ಟುವ ಹೊತ್ತಿಗೆ ಜಾನಕಿಯ ತಾಯಿ ಹೇಳಿಕಳಿಸಿದಳು, ಒಂದು ದಿನ ಊಟಕ್ಕೆ ಬರಬೇಕೆಂದು. ಹೋಗದಿರಲು ಎರಡು ಸಲ ನೆಪ ಹೇಳಿದೆ. ಮೂರನೆಯ ಸಲ ಅವಳೇ ಶಾಲೆಗೆ ಬಂದು ಕರೆದುಕೊಂಡು ಹೋದಳು.

ಮನೆ ಸಣ್ಣದು, ಸಾರಿಸಿ ಅಚ್ಚುಕಟ್ಟಾಗಿತ್ತು. "ಬನ್ನಿ ಸಾರ್, ಕುದ್ರಿ" ಎಂದು ಮಣೆ ಹಾಕಿದಳು. ನನಗಾಗಿ ಕೋಳಿ ಕೊಯ್ದಿದ್ದಳು. ಅಕ್ಕಿರೊಟ್ಟಿ ಮಾಡಿದ್ದಳು. ಜಾನಕಿ ಕಂಬಕ್ಕೆ ಒರಗಿ ನಿಂತಿದ್ದಳು. ಮೊದಲಿಗಿಂತ ತುಂಬಿಕೊಂಡಿದ್ದಳು, ಎಣ್ಣೆ ಹಾಕಿ ಜಡೆ ಹೆಣೆದಿತ್ತು. ನನ್ನನ್ನು ನೋಡಿ ನಕ್ಕಳು. ಆ ನಗುವಿನಲ್ಲಿ ನನ್ನನ್ನು ತಿದ್ದುವ ಹುಡುಗಿ ಇರಲಿಲ್ಲ.

"ಶಾಲೆಗೆ ಕಳ್ಸೋಣ ಅಂತ ನೋಡ್ದೆ ಸಾರ್" ಎಂದಳು ತಾಯಿ. "ಇವ್ಳ್ಗೆ ಎಲ್ಲ ಮರ್ತು ಹೋಗುಟು. ಅಂಗಡಿಗೆ ಕಳ್ಸಿರೆ ದಾರಿಲೇ ನಿಂತುಕಂಬದು. ಮಗ್ಗಿ ಹೇಳುಕೆ ಹೋದರೆ ತಿರ್ಗಿ ತಿರ್ಗಿ ಅದನ್ನೇ ಹೇಳ್ದು. ಹೋಗ್ಲಿ, ಜೀವ ಒಂದು ಉಳ್ದುಟಲ್ಲ. ನೀವು ಬಾಗ್ಲು ತೆಗ್ಸಿಲ್ದೇ ಇದ್ದಿದ್ದರೆ ನನ್ನ ಮಗಳು ಇಂದ್ ಇರ್ತಿತ್ಲೆ." ಬಟ್ಟಲಿಗೆ ಇನ್ನೊಂದು ತುಂಡು ಹಾಕಿದಳು. "ಆ ಇದ್ದಿಲ ಹೆಂಗ್ಸನ್ನ ಓಡ್ಸಿದ್ದು ಒಳ್ಳೆದಾತ್. ಇಲ್ದಿದ್ದರೆ ನಾನೇ ಕತ್ತಿ ತಕ್ಕೊಂಡು ಹೋಗ್ತಿದ್ದೆ."

ಅವಳು ಹೇಳಿದ್ದನ್ನು ಕೇಳಿದೆ. ಹಾಕಿದ್ದನ್ನೆಲ್ಲ ತಿಂದೆ. ಸಾಕು ಎಂದರೂ ಬಡಿಸಿದಳು, ಅದನ್ನೂ ತಿಂದೆ.

ಊಟವಾದ ಮೇಲೆ ಜಗಲಿಯ ಅಂಚಿಗೆ ಬಂದು ಕೈಯೊಡ್ಡಿದೆ. ಜಾನಕಿ ಚೊಂಬು ತಂದು ನೀರು ಹಾಕತೊಡಗಿದಳು. ಕೈ ತೊಳೆದಾಯಿತು. ಅವಳು ಹಾಕುತ್ತಲೇ ಇದ್ದಳು. ನೀರು ನನ್ನ ಮೊಣಕೈವರೆಗೆ ಹರಿದು ಪಂಚೆಗೆ ಇಳಿಯಿತು. ಅವಳು ಚೊಂಬಿನ ಬಾಯಿಯನ್ನೇ ನೋಡುತ್ತಿದ್ದಳು, ಗಮನವಿಟ್ಟು. ನಾನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಸಾಕು ಎಂದೂ ಹೇಳಲಿಲ್ಲ. ಒಳಗಿನಿಂದ ಬಂದ ತಾಯಿ ಅವಳ ಕೈಯಿಂದ ಮೆಲ್ಲಗೆ ಚೊಂಬನ್ನು ಬಿಡಿಸಿಕೊಂಡಳು. ಆಗಲೂ ಹುಡುಗಿಯ ಕೈ ಹಾಗೇ ಬಾಗಿಕೊಂಡು, ಹಾಕುತ್ತಿರುವ ಹಾಗೆಯೇ ಇತ್ತು.